ಬೀಗ ಹಾಕಿದ ಮನೆಯಿಂದ ಹೋದ ಸಂದೇಶ

2019ರ ಫೆಬ್ರುವರಿ ತಿಂಗಳು. ನಾನಾಗ ಕುಷ್ಟಗಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಆ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತಿದ್ದೆವು. ಹೆಡ್ ಮಾಸ್ತರರ ಜೊತೆ ಒಬ್ಬ ಮಹಿಳಾ ಪಿಎಸ್ಐ ಒಳಗೆ ಬಂದು ನನ್ನ ಹೆಸರು ಕೇಳಿದರು.

ಅವರು ಏಕೆ ಬಂದರೆಂದು ಹೇಳುವ ಮೊದಲು ಹಿಂದಿನದನ್ನು ಸ್ವಲ್ಪ ಹೇಳಬೇಕು. ಅದಕ್ಕೂ ಒಂದು ತಿಂಗಳ ಮೊದಲು ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ರೇಣುಕಾ ಮೇಡಂ ಅವರ ಫೋಟೊ ಹಾಕಿ, ಅವರದೇ ಹೆಸರಿನಲ್ಲಿ ಯಾರೋ ಇಂಟರ್ನೆಟ್‌ನಲ್ಲಿ ಸುಳ್ಳು ಖಾತೆ ತೆರೆದಿದ್ದರು. ಅದರಿಂದ ಮಕ್ಕಳ ಪಾಲಕರಿಗೆಲ್ಲ ಬಾಯಿಂದ ಹೇಳಲಾಗದಂಥ ಮಾತುಗಳು ಹೋಗಿದ್ದವು. ಬೇರೆ ಯಾರಾದರೂ ಆಗಿದ್ದರೆ ರಜೆ ಹಾಕಿ ಮನೆಯಲ್ಲಿ ಕೂತುಬಿಡುತ್ತಿದ್ದರು. ಅವರು ಒಬ್ಬರೇ ಬಸ್ ಹತ್ತಿ ಕೊಪ್ಪಳದ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಮರುದಿನ ಎಂದಿನಂತೆ ಪಾಠ ಮಾಡಿದ್ದರು. "ಅಂವನ್ನ ಬಿಡಬಾರದು ಮೇಡಂ" ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನೇ.

ಪಿಎಸ್ಐ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. "ಈ ಇಂಟರ್ನೆಟ್ ಕನೆಕ್ಷನ್ ನಿಮ್ಮ ಹೆಸರಿಲೆ ಐತೇನ್ರಿ?"

"ಹೌದ್ರಿ, ನಮ್ಮ ಮನಿದು."

"ಮೇಡಂ ಅವರ ಹೆಸರಿನ ಆ ಖಾತೆ ನಡದದ್ದು ಇದರಿಂದಾನರಿ."

ಕೈಯಲ್ಲಿದ್ದ ಕೆಂಪು ಪೆನ್ನು ಹಾಗೆಯೇ ನಿಂತಿತು. ನಾನು ರೇಣುಕಾ ಮೇಡಂ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಹಾಳೆಯನ್ನು ಎಳೆದುಕೊಂಡು ಒಂದೊಂದೇ ಸಾಲು ಓದತೊಡಗಿದರು. ಉಳಿದವರು ತಲೆ ತಗ್ಗಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು; ಆ ಒಂದು ನಿಮಿಷದಲ್ಲಿ ಏನೂ ಉಳಿಯದವನಂತಾದೆ. ಮರುದಿನ ಸಂಜೆ ಮನೆಗೆ ಬಂದು ಎಲ್ಲ ಪರಿಶೀಲಿಸುವುದಾಗಿ, ಅಲ್ಲಿಯವರೆಗೆ ಊರು ಬಿಟ್ಟು ಹೋಗಬಾರದೆಂದು ಹೇಳಿ ಪಿಎಸ್ಐ ಹೊರಟರು. "ಎರಡು ದಿನ ರಜಾ ತಗೋರಿ" ಎಂದರು ಹೆಡ್ ಮಾಸ್ತರರು.

ಮನೆಯಲ್ಲಿ ಹೆಂಡತಿ ಗಿರಿಜಾ ವಿಷಯ ಕೇಳಿ ಒಲೆ ಆರಿಸಿ ಕೂತುಬಿಟ್ಟಳು. "ನೀವು ಹಂಥವರಲ್ಲ ಅಂತ ನನಗ ಗೊತ್ತೈತಿ. ಆದರ ಮಂದಿಗೆ ಏನಂತ ಹೇಳೂದ್ರೀ?" ಎಂದಳು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ರೇಣುಕಾ ಮೇಡಂ! ಕೈಯಲ್ಲಿ ಒಂದು ನೋಟ್‌ಬುಕ್, ಹೆಗಲಿಗೆ ಲ್ಯಾಪ್‌ಟಾಪ್ ಚೀಲ.

"ಒಳಗ ಬರಲೇನ್ರಿ ಸರ್?"

ನಾನು ಬಾಗಿಲಿನಿಂದ ಸರಿದು ನಿಂತೆ. ಗಿರಿಜಾ ಬಂದು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಕುಳಿತವರೇ ನೋಟ್‌ಬುಕ್ ತೆರೆದರು. "ಸಂದೇಶ ಹೋಗಿದ್ದು ನಾಕು ಸರ್ತಿ. ಮೂರು ಸಂಜಿ ಮುಂದ. ಒಂದು ಮಾತ್ರ ಮುಂಜಾನೆ ಹನ್ನೊಂದು ಇಪ್ಪತ್ತಕ್ಕ. ಆ ದಿನ ಆ ಹೊತ್ತಿಗೆ ನೀವು ನನ್ನ ಜೋಡಿ ಪರೀಕ್ಷಾ ಕೋಣ್ಯಾಗ ಇದ್ರಿ. ಶಾಲಿಗೆ ಹೋಗಿ ರಜಾ ಬರದು, ರಿಜಿಸ್ಟರ್ ನೋಡಿ ಬಂದೀನಿ. ಅಕ್ಕಾರು ಎಲ್ಲಿದ್ರಿ ಅವತ್ತ?"

"ನಾನು ಯಲಬುರ್ಗಾದಾಗ ಇದ್ದೆವ್ವಾ, ತವರುಮನ್ಯಾಗ" ಎಂದಳು ಗಿರಿಜಾ. "ಮನಿಗೆ ಕೀಲಿ ಹಾಕಿತ್ತು."

"ಹಂಗಾದ್ರ ಕೀಲಿ ಹಾಕಿದ ಮನ್ಯಾಗಿಂದ ಸಂದೇಶ ಯಾರು ಕಳಿಸಿದ್ರು? ನಡೀರಿ, ನೋಡೂಣು."

ನಮ್ಮ ಇಬ್ಬರ ಮೊಬೈಲನ್ನೂ ಟಿವಿಯನ್ನೂ ಆಫ್ ಮಾಡಿಸಿದರು. ಆಮೇಲೆ ಮೂವರೂ ಗೋಡೆಯ ಮೇಲಿನ ವೈಫೈ ಡಬ್ಬಿಯ ಮುಂದೆ ನಿಂತೆವು. ಮನೆಯಲ್ಲಿ ಯಾರೂ ಇಂಟರ್ನೆಟ್ ಬಳಸುತ್ತಿಲ್ಲ, ಆದರೂ ಅದರ ಹಸಿರು ದೀಪ ಒಂದೇ ಸಮನೆ ಪಟಪಟ ಮಿನುಗುತ್ತಿತ್ತು.

"ನಮ್ಮ ನವಲಿ ಕಡೆ ಭತ್ತದ ಹೊಲಕ್ಕ ನೀರು ಬಿಡೂ ಮುಂದ ನೀರು ಕಳವು ಮಾಡೋರನ್ನ ಹಿಂಗ ಹಿಡೀತಿದ್ರು ನಮ್ಮಪ್ಪ" ಎಂದರು ಮೇಡಂ. "ನಮ್ಮ ಪಾಲಿನ ಕಾಲುವ್ಯಾಗ ನಾವು ನೀರು ತಗೊಳ್ಳದಿದ್ದಾಗೂ ಹರದು ಹೋಗತಿತ್ತಂದ್ರ, ಯಾರೋ ನಡುವ ಒಡದಾರ ಅಂತ ತಿಳಕೊಳ್ಳೂದು."

ಡಬ್ಬಿಯ ತಳದಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿ, ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಏನೋ ಒತ್ತಿದರು. ಒಂದು ಪಟ್ಟಿ ತೆರೆಯಿತು. ಆ ಹೊತ್ತಿಗೆ ನಮ್ಮ ವೈಫೈಗೆ ಸೇರಿಕೊಂಡಿರುವ ಯಂತ್ರಗಳೆಲ್ಲ ಅದರಲ್ಲಿ ಕಾಣುತ್ತವಂತೆ. ನಾಲ್ಕು ವರ್ಷದಿಂದ ನನ್ನ ಮನೆಯಲ್ಲೇ ಇದ್ದ ಡಬ್ಬಿಯೊಳಗೆ ಇಂಥದೊಂದು ಪಟ್ಟಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಎರಡು ಹೆಸರುಗಳಿದ್ದವು. ಒಂದು ಕಂಪ್ಯೂಟರ್, ಇನ್ನೊಂದು ಮೊಬೈಲ್. ಎರಡೂ ನಮ್ಮವಲ್ಲ.

"ಈಗಲೇ ಪಾಸ್‌ವರ್ಡ್ ಬದಲಿ ಮಾಡೂಣ್ರಿ" ಎಂದೆ ಅವಸರದಿಂದ.

"ಬ್ಯಾಡ್ರಿ. ಬದಲಿ ಮಾಡಿದ್ರ ಅಂವ ಹುಷಾರಾಗ್ತಾನ. ಹಂಗ ಇರಲಿ." ಪಟ್ಟಿಯ ಫೋಟೊ ತೆಗೆದರು, ಆ ಎರಡು ಯಂತ್ರಗಳ ಉದ್ದನೆಯ ಗುರುತಿನ ಸಂಖ್ಯೆಗಳನ್ನು ಬರೆದುಕೊಂಡರು, ಪಿಎಸ್ಐಗೆ ಫೋನ್ ಮಾಡಿ ಹೇಳಿದರು. ಏನನ್ನೂ ಮುಟ್ಟದೆ ನೋಡುತ್ತಿರಿ ಎಂದು ಅವರೂ ಹೇಳಿದರು.

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ನಮ್ಮಲ್ಲಿ ಇನ್ವರ್ಟರ್ ಇತ್ತು, ಡಬ್ಬಿ ಆರಲಿಲ್ಲ. ಆದರೆ ಪಟ್ಟಿಯಲ್ಲಿದ್ದ ಕಂಪ್ಯೂಟರ್ ಮಾಯವಾಯಿತು. ಮೇಡಂ ಎದ್ದು ಕಿಟಕಿಗೆ ಹೋದರು. ಪಕ್ಕದ ಝೆರಾಕ್ಸ್ ಅಂಗಡಿ ಕತ್ತಲಾಗಿತ್ತು. ಅಂಗಡಿಯವನು ಬಾಗಿಲನ್ನು ಅರ್ಧ ಎಳೆದು ಚಹಾ ಕುಡಿಯಲು ಗಾಡಿ ಹತ್ತಿ ಹೋದ. ಐದು ನಿಮಿಷಕ್ಕೆ ಪಟ್ಟಿಯಲ್ಲಿದ್ದ ಮೊಬೈಲೂ ಹೋಯಿತು. ಅವನು ತಿರುಗಿ ಬಂದ, ಮೊಬೈಲ್ ಬಂತು. ಕರೆಂಟ್ ಬಂತು, ಕಂಪ್ಯೂಟರ್ ಬಂತು.

ನನಗೆ ಥಟ್ಟನೆ ನೆನಪಾಯಿತು. ಹಿಂದಿನ ಜೂನ್‌ನಲ್ಲಿ ಅವನ ಅಂಗಡಿಯ ಇಂಟರ್ನೆಟ್ ಕೆಟ್ಟಿತ್ತು. ಅರ್ಜಿ ಹಾಕಲು ಬಂದ ನಮ್ಮ ಶಾಲೆಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಮರುಗಿ ನಾನೇ ಹೋಗಿ ನಮ್ಮ ಪಾಸ್‌ವರ್ಡನ್ನು ಅವನ ಕಂಪ್ಯೂಟರಿಗೂ ಮೊಬೈಲಿಗೂ ಹಾಕಿಕೊಟ್ಟು ಬಂದಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

ಅದನ್ನು ಹೇಳುತ್ತಿದ್ದಂತೆ ರೇಣುಕಾ ಮೇಡಂ ಮುಖ ಬಿಳಿಚಿತು. "ತರಬೇತಿ ಅರ್ಜಿಗೆ ನನ್ನ ಫೋಟೊ ಸ್ಕ್ಯಾನ್ ಮಾಡಿಸಿದ್ದು ಅಲ್ಲೇರಿ. ನೀಲಿ ಸೀರಿದು. ಆ ಸುಳ್ಳು ಖಾತ್ಯಾಗ ಇದ್ದದ್ದೂ ಅದ ಫೋಟೊ. ಮತ್ತೆಲ್ಲೂ ಅದನ್ನ ಕೊಟ್ಟಿಲ್ಲ ನಾನು." ಅದಾದ ಮೇಲೆ ಯಾವುದೋ ನಂಬರಿನಿಂದ ಬೇಡದ ಮೆಸೇಜುಗಳು ಬರುತ್ತಿದ್ದವಂತೆ. ಒಂದು ದಿನ ಚೆನ್ನಾಗಿ ಬೈದು ಆ ನಂಬರ್ ಬಂದ್ ಮಾಡಿದ್ದರಂತೆ.

ನನ್ನ ಮೈಯೆಲ್ಲ ಉರಿದುಹೋಯಿತು. ಚಪ್ಪಲಿಯನ್ನೂ ಮೆಟ್ಟದೆ ಬಾಗಿಲಿಗೆ ಓಡಿದೆ. ಅವರು ಅಡ್ಡ ಬಂದು ನಿಂತರು.

"ಸರ್, ನಿಮಗ ಕೈ ಮುಗೀತೀನಿ. ನೀವು ಹೋಗಿ ಜಗಳ ತಗದ್ರ ಅಂವ ಎಲ್ಲಾ ಅಳಿಸಿ ಕೂಡ್ತಾನ. ಒಂದು ತಿಂಗಳು ತಡಕೊಂಡೀನಿ ನಾನು. ಸಂಜಿತನಕ ನೀವು ತಡಕೋರಿ."

ನಾನು ತಿರುಗಿ ಬಂದು ಕುಳಿತೆ. ಪೊಲೀಸರು ಬರುವವರೆಗೂ ಮೇಡಂ ಆ ಕಿಟಕಿ ಬಿಟ್ಟು ಏಳಲಿಲ್ಲ. ಗಿರಿಜಾ ಬಡಿಸಿದ ರೊಟ್ಟಿಯನ್ನೂ ಅಲ್ಲೇ ಕುಳಿತು ತಿಂದರು.

ಸಂಜೆ ಪಿಎಸ್ಐ ಇಬ್ಬರು ತಾಂತ್ರಿಕ ಸಿಬ್ಬಂದಿಯೊಂದಿಗೆ ಬಂದು, ಪಟ್ಟಿಯನ್ನು ತಾವೇ ಪರೀಕ್ಷಿಸಿ, ನೇರವಾಗಿ ಅಂಗಡಿಗೆ ಹೋದರು. ಅವನ ಮೊಬೈಲಿನ ಗುರುತಿನ ಸಂಖ್ಯೆ ಮೇಡಂ ನೋಟ್‌ಬುಕ್ಕಿನಲ್ಲಿ ಬರೆದದ್ದೇ ಆಗಿತ್ತು. ಸುಳ್ಳು ಖಾತೆ ಅದರಲ್ಲಿ ಇನ್ನೂ ತೆರೆದೇ ಇತ್ತು. ಮೇಡಂ ಬಂದ್ ಮಾಡಿದ್ದ ನಂಬರೂ ತನ್ನದೇ, ಬೈದ ಸಿಟ್ಟಿಗೆ ಹೀಗೆ ಮಾಡಿದೆ ಎಂದು ಅವನು ಒಪ್ಪಿಕೊಂಡ. ಹೆಸರು ಇಲ್ಲಿ ಬೇಡ. ಅವನ ಹೆಂಡತಿ ಮಕ್ಕಳು ಅದೇ ಊರಲ್ಲಿ ಬದುಕಬೇಕು.

ಮರುದಿನ ಶಾಲೆಗೆ ಹೋದೆ, ಸ್ಟಾಫ್ ರೂಮಿನ ಒಳಗೆ ಮಾತ್ರ ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ದೆ. ರೇಣುಕಾ ಮೇಡಂ ಎದ್ದು ಬಂದು ಎಲ್ಲರಿಗೂ ಕೇಳುವಂತೆ, "ಬರ್ರಿ ಸರ್. ನೀವು ತಿದ್ದಿದ ಪೇಪರ್ ಹಂಗ ಅದಾವ ನೋಡ್ರಿ, ಯಾರೂ ಮುಟ್ಟಿಲ್ಲ" ಎಂದು ನನ್ನ ಕುರ್ಚಿ ಎಳೆದು ಕೊಟ್ಟರು. ಹೆಡ್ ಮಾಸ್ತರರು ಬಂದು ನನ್ನ ಕೈ ಹಿಡಿದುಕೊಂಡರು.

ಆ ಭಾನುವಾರ ಮೇಡಂ ಮತ್ತೆ ಮನೆಗೆ ಬಂದು ಗಿರಿಜಾಳಿಗೆ ಎಲ್ಲ ಕಲಿಸಿದರು: ಪಾಸ್‌ವರ್ಡ್ ಉದ್ದವಾಗಿರಬೇಕು, ಡಬ್ಬಿಯ ಪುಟ ತೆರೆಯಲು ಬೇರೆಯದೇ ಗುಟ್ಟು ಇಡಬೇಕು, ಬಂದವರಿಗೆ ಪ್ರತ್ಯೇಕ ಹೆಸರಿನ ವೈಫೈ ಮಾಡಿ, ಅವರು ಹೋದ ಮೇಲೆ ಅದನ್ನು ಬಂದ್ ಮಾಡಬೇಕು. "ಕೊಡಬ್ಯಾಡ್ರಿ ಅನ್ನಂಗಿಲ್ಲ ನಾನು. ಯಾರಿಗೆ ಕೊಟ್ಟೀವಿ ಅನ್ನೂದು ನೆನಪಿರಲಿ" ಎಂದರು. ಈಗಲೂ ತಿಂಗಳಿಗೊಮ್ಮೆ ಗಿರಿಜಾ ಆ ಪಟ್ಟಿ ತೆಗೆದು ನೋಡುತ್ತಾಳೆ.

ನಿವೃತ್ತಿಯ ದಿನ ನಾನು ಮೇಡಂಗೆ ಕೇಳಿದೆ: "ಅಷ್ಟು ಮಂದಿ ತಲಿ ತಗ್ಗಿಸಿದಾಗ ನಿಮಗೊಬ್ಬರಿಗೆ ನನ್ನ ಮ್ಯಾಲ ಹೆಂಗ ನಂಬಿಕಿ ಬಂತು?"

ಅವರು ಹೇಳಿದರು. "ಸುಳ್ಳು ಯಾಕ ಹೇಳಲಿ ಸರ್? ಆ ರಾತ್ರಿ ಪೂರಾ ನಿಮ್ಮ ಮ್ಯಾಲ ಸಂಶಯ ಇತ್ತು ನನಗ. ನಿದ್ದಿ ಬರಲಿಲ್ಲ. ಅದಕ್ಕ ಮುಂಜಾನೆ ಮದಲ ರಿಜಿಸ್ಟರ್ ನೋಡಾಕ ಹೋದೆ."

ನಂಬಿದವರ ಪರವಾಗಿ ನಿಲ್ಲುವುದು ಅಷ್ಟು ಕಷ್ಟವಲ್ಲ. ತನ್ನ ಮಾನಕ್ಕೇ ಏಟು ಬಿದ್ದಿದ್ದಾಗ, ಸಂಶಯ ಬಂದವನ ಬಾಗಿಲು ಬಡಿದು ನಿಜವೇನೆಂದು ನೋಡಲು ಹೋದರಲ್ಲ, ಅವರ ಜಾಗದಲ್ಲಿ ನಾನಿದ್ದಿದ್ದರೆ ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.