ಕೀಬೋರ್ಡಿನ ಗೈರುಹಾಜರಿ

ಗೋಣಿಬೀಡಿನ ಸುತ್ತಮುತ್ತ ನನ್ನನ್ನು ಕಂಪ್ಯೂಟರ್ ಬಲ್ಲವನೆಂದು ನಾಲ್ಕು ಜನ ನಂಬಿದ್ದಾರೆ. ಕಾರಣ ಇಷ್ಟೇ. ಯಾರ ಮನೆಯ ಯಂತ್ರ ಮುನಿಸಿಕೊಂಡರೂ ನಾನು ಹೋಗಿ ಅದನ್ನು ಆರಿಸಿ, ಗಂಭೀರವಾಗಿ ಗಡ್ಡ ಕೆರೆದುಕೊಂಡು, ಮತ್ತೆ ಹಾಕುತ್ತೇನೆ. ಎಷ್ಟೋ ಸಲ ಸರಿಯಾಗಿಬಿಡುತ್ತದೆ. ಆಗದಿದ್ದರೆ ‘ಇದನ್ನು ಚಿಕ್ಕಮಗಳೂರಿಗೇ ಒಯ್ಯಬೇಕು’ ಎಂದು ಕಾಫಿ ಕುಡಿದು ಎದ್ದು ಬರುತ್ತೇನೆ. ಈ ಪಾಂಡಿತ್ಯದ ಬಣ್ಣ ಹೋದ ವಾರ ನನ್ನ ಮನೆಯಲ್ಲೇ ಬಯಲಾಯಿತು. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ನನ್ನ ಹೆಂಡತಿ ಸುಮಿತ್ರ ಆಂಥೂರಿಯಂ ಹೂಗಿಡ ಬೆಳೆಸುತ್ತಾಳೆ. ಮಳೆಗಾಲದಲ್ಲಿ ಅದರ ಬೇರು ಕೊಳೆಯದಂತೆ ನೋಡಿಕೊಳ್ಳುವುದು ಹೇಗೆಂದು ಆನ್‌ಲೈನಿನಲ್ಲಿ ಹೇಳಿಕೊಡಲು ತಾಲ್ಲೂಕಿನ ಹೂಪ್ರಿಯ ಹೆಂಗಸರ ಸಂಘದವರು ಅವಳನ್ನು ಕರೆದಿದ್ದರು. ಇಷ್ಟು ವರ್ಷ ನನ್ನ ಹೆಂಡತಿಯೆಂದೇ ಪರಿಚಿತಳಾಗಿದ್ದವಳನ್ನು ಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದಿದ್ದರು. ಒಗ್ಗರಣೆ ಹಾಕುತ್ತಲೂ ಭಾಷಣದ ಅಭ್ಯಾಸ ನಡೆದಿತ್ತು. ಹೂವಿನ ಫೋಟೋಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ನೋಡಲೆಂದು ಪಕ್ಕದ ತೋಟದ ಪಾರ್ವತಕ್ಕನೂ ಬಂದು ಕುಳಿತಿದ್ದರು.

ಯಂತ್ರ ಹಾಕಿದೆ. ಪಾಸ್‌ವರ್ಡ್ ಕೇಳಿತು. ಕೀಲಿ ಒತ್ತಿದರೆ ಒಂದು ಚುಕ್ಕಿಯೂ ಮೂಡಲಿಲ್ಲ. ಆರಿಸಿ ಹಾಕಿದೆ. ಅದೇ ಕಥೆ. ಕೀಬೋರ್ಡನ್ನು ಬೋರಲು ಮಾಡಿ ಬಡಿದೆ. ಎರಡು ಇರುವೆ, ಒಂದಿಷ್ಟು ಅವಲಕ್ಕಿ ಉದುರಿದವು. ಅವಲಕ್ಕಿ ನನ್ನದೇ. ಆದರೂ ಮಾತು ಹೊರಳಿದ್ದು ಸುಮಿತ್ರಳ ಕಡೆಗೆ.

“ಒದ್ದೆ ಬಟ್ಟೇಲಿ ಒರೆಸ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ಮಾರಾಯ್ತಿ? ಎಲ್ಲಾ ಹಾಳು ಮಾಡಿಟ್ಟಿದ್ದೀಯ.”

ಪಾರ್ವತಕ್ಕ “ಹೋಗ್ಲಿ ಬಿಡಿ ಅಣ್ಣ” ಎಂದು ಕಿಟಕಿಯಾಚೆ ನೋಡಿದರು.

ಕಂಪ್ಯೂಟರ್ ಏಳುವಾಗ ಮೊದಲು ತನ್ನ ಅಂಗಾಂಗಗಳ ಹಾಜರಿ ತೆಗೆದುಕೊಳ್ಳುತ್ತದಂತೆ, ಬೆಳಿಗ್ಗೆ ಎಸ್ಟೇಟಿನಲ್ಲಿ ಮೇಸ್ತ್ರಿ ಹೆಸರು ಕೂಗುವ ಹಾಗೆ. ನಮ್ಮದು ತಂತಿಯಿಲ್ಲದ ಕೀಬೋರ್ಡು. ಅದರ ಪರವಾಗಿ ಯಂತ್ರದ ಬೆನ್ನಿಗೆ ಸಿಕ್ಕಿಸಿದ ಉಗುರಿನಷ್ಟೇ ಇರುವ ರಿಸೀವರ್ ತುಂಡೊಂದು ‘ಬಂದಿದ್ದಾನೆ’ ಎಂದು ಸಾಕ್ಷಿ ಹೇಳುತ್ತದೆ. ಆಳು ಗದ್ದೆ ದಾಟಿ ಎಲ್ಲೋ ಹೋಗಿದ್ದರೂ ಮೇಸ್ತ್ರಿ ನಂಬಿಬಿಡುತ್ತಾನೆ; ಅದಕ್ಕೇ ಯಂತ್ರ ಏನೂ ದೂರದೆ ಪಾಸ್‌ವರ್ಡ್ ಕೇಳಿದ್ದು. ಈ ಹಾಜರಿಯ ಗುಟ್ಟು ನಾನು ಓದಿ ತಿಳಿದದ್ದು ಮಾನ ಹೋದ ಮೇಲೆ; ಆಗ ಗೊತ್ತಿದ್ದದ್ದು ಆ ತುಂಡೊಂದೇ.

ಆ ತುಂಡು ಸಡಿಲವಾಗಿದೆಯೇ ಎಂದು ಟಾರ್ಚ್ ಹಿಡಿದು ಮೇಜಿನಡಿ ತೂರಿದೆ. ಬೆಳಕು ಚೆನ್ನಾಗಿ ಬಿತ್ತು. ಎಷ್ಟು ಚೆನ್ನಾಗಿ ಎಂದರೆ, ಮೊನ್ನೆಯ ತನಕ ಸತ್ತಿದ್ದ ಈ ಟಾರ್ಚಿಗೆ ಜೀವ ಎಲ್ಲಿಂದ ಬಂತೆಂದು ನೆನಪಾಗಿ ಕಿವಿ ಬಿಸಿಯಾಯಿತು. ಮಳೆಗೆ ಕರೆಂಟ್ ಹೋದ ಸಂಜೆ, ಕೊಟ್ಟಿಗೆಗೆ ಹೋಗಿಬರಲು, ಕೀಬೋರ್ಡಿನ ಬ್ಯಾಟರಿಗಳನ್ನು ಕಿತ್ತು ಇದಕ್ಕೆ ಹಾಕಿಕೊಂಡವನು ನಾನೇ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಗಡಿಯಾರ, ರೇಡಿಯೋ ಎಲ್ಲವೂ ಟಾರ್ಚಿಗೆ ಹೀಗೆ ಸಾಲ ಕೊಡುತ್ತವೆ. ಹಿಂದಿರುಗಿಸುವ ರೂಢಿ ಕಡಿಮೆ.

ಕೀಬೋರ್ಡನ್ನು ಕೆಳಗೆಳೆದುಕೊಂಡು, ಮೇಜಿನಡಿಯೇ ಕುಳಿತು ಕಳ್ಳನಂತೆ ಟಾರ್ಚಿನ ಬ್ಯಾಟರಿಗಳನ್ನು ಅದಕ್ಕೆ ಹಾಕಿದೆ. ಎದ್ದು ಬಂದು, ಏನೋ ಘನಕಾರ್ಯ ಮಾಡಿದವನಂತೆ ಕೈ ಒರೆಸಿಕೊಂಡೆ. ಚುಕ್ಕಿಗಳು ಸಾಲಾಗಿ ಮೂಡಿದವು. ಅಲ್ಲಿಗೆ ಮುಗಿಯಿತೆಂದುಕೊಂಡೆ.

ಪರದೆಯ ತುಂಬ ಹೆಂಗಸರ ಮುಖಗಳು ಕಾಯುತ್ತಿದ್ದವು. ಸುಮಿತ್ರ ಕೈಮುಗಿದು ಹೇಳಿದಳು: “ಎಲ್ರೂ ಕ್ಷಮಿಸ್ಬೇಕು. ಒದ್ದೆ ಬಟ್ಟೇಲಿ ಒರೆಸಿ ನಾನೇ ಕೀಬೋರ್ಡ್ ಕೆಡಿಸಿಬಿಟ್ಟಿದ್ದೆ. ನಮ್ಮನೆಯವ್ರು ಸರಿ ಮಾಡಿಕೊಟ್ರು. ಅದಕ್ಕೇ ತಡ ಆಯ್ತು.”

ಇಷ್ಟು ದಿನ ಕಾದು ಸಿಕ್ಕ ವೇದಿಕೆಯಲ್ಲಿ ಅವಳ ಮೊದಲ ಮಾತು ನನ್ನ ತಪ್ಪಿಗೆ ಕ್ಷಮೆ ಕೇಳುವುದಾಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸಂಘದ ಅಧ್ಯಕ್ಷೆ ಸ್ವಾಗತ ಆರಂಭಿಸಿದರು. ಸುಮಿತ್ರ ತನ್ನ ಮೈಕ್ ಆಫ್ ಮಾಡಿದ್ದನ್ನು ನೋಡಿಕೊಂಡು, ಬಗ್ಗಿ, ಅವಳ ಕಿವಿಯಲ್ಲಿ ಹೇಳಿದೆ: “ಕೆಟ್ಟಿರ್ಲಿಲ್ಲ ಕಣೆ. ಬ್ಯಾಟರಿ ನಾನೇ ಟಾರ್ಚಿಗೆ ಹಾಕ್ಕೊಂಡಿದ್ದೆ.”

ಅವಳು ನನ್ನನ್ನು ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಬೈಯೋವಾಗ ಪಾರ್ವತಕ್ಕನ ಎದ್ರಿಗೆ ಬೈದ್ರಿ. ಒಪ್ಕೊಳ್ಳೋದು ಮಾತ್ರ ಕಿವೀಲಾ?”

ಅಧ್ಯಕ್ಷೆಯ ಸ್ವಾಗತ ಮುಗಿಯಿತು. ಸುಮಿತ್ರ ಮೈಕ್ ಆನ್ ಮಾಡಿ, ತನ್ನ ಕುರ್ಚಿಯನ್ನು ಸ್ವಲ್ಪ ಸರಿಸಿ ನನಗೆ ಜಾಗ ಬಿಟ್ಟಳು.

ಮತ್ತೆ ಹೇಳಿದೆ. ಕಿವಿಯಲ್ಲಿ ಹೇಳುವಾಗ ಬರೀ ಬ್ಯಾಟರಿಯ ವಿಷಯವಿತ್ತು. ಅಷ್ಟು ಜನರ ಮುಂದೆ ಹೇಳಹೊರಟಾಗ, ಸುಮ್ಮಸುಮ್ಮನೆ ಅವಳನ್ನು ಬೈದದ್ದೂ ತಾನಾಗಿ ಬಾಯಿಗೆ ಬಂತು.