ಅತ್ತೆ ಕೊಯ್ದ ಕಂದು

ಕೊಲ್ಲಿ ನಾಡಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ತುಳಸಿ ಬದುಕಲೇ ಇಲ್ಲ. ಜೂನಿನ ಬಿಸಿಗಾಳಿ ಬಾಲ್ಕನಿಗೆ ಹೊಡೆದರೆ ನೋಡನೋಡುತ್ತ ಕಡ್ಡಿ. ಬದುಕಿದ್ದು ಒಂದೇ, ಮೇಲಿನ ಮನೆಯ ಫಿಲಿಪೈನ್ಸಿನ ನರ್ಸ್ ಊರಿಗೆ ಹೋಗುವಾಗ ಕೊಟ್ಟ ಏರ್ ಪ್ಲಾಂಟ್. ಮಣ್ಣಿಲ್ಲ, ಚಟ್ಟಿಯಿಲ್ಲ, ಬೂದಿ ಬಣ್ಣದ ಸುರುಳಿ ಎಲೆಗಳನ್ನು ಹೊತ್ತು ಮರದ ತುಂಡೊಂದರ ಮೇಲೆ ಸುಮ್ಮನೆ ಕೂತಿರುತ್ತಿತ್ತು. ವಾರಕ್ಕೊಮ್ಮೆ ನೀರಿನಲ್ಲಿ ಮುಳುಗಿಸಿ, ತಲೆಕೆಳಗಾಗಿ ಹಿಡಿದು ಕೊಡವಿ, ಕಿಟಕಿಯ ಬಳಿ ಇಟ್ಟರೆ ಆಯಿತು. ಎಲೆಗಳ ನಡುವೆ ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಇಷ್ಟು ಕಡಿಮೆ ಕೇಳುವ ಜೀವ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಬಾಣಂತನಕ್ಕೆ ಅತ್ತೆ ಉಡುಪಿ ಕಡೆಯಿಂದ ಬಂದರು. ನನ್ನ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಮಗು ಹುಟ್ಟಿದ್ದೇ ಅತ್ತೆಗೆ ಊರಿನ ಚಿಂತೆ ಹತ್ತಿತು. ತಿಂಗಳ ಕೊನೆಗೆ ಟಿಕೆಟ್ ಆಯಿತು. ಗಂಡ ಆಫೀಸಿಗೆ ಹೋದ ಮೇಲೆ ಬಾಗಿಲು ಹಾಕಿದ ಫ್ಲ್ಯಾಟಿನಲ್ಲಿ ಎಳೆಮಗುವಿನ ಜೊತೆ ನಾನೊಬ್ಬಳೇ ಎಂದು ನೆನೆದರೆ ಹೆದರಿಕೆಯಾಗುತ್ತಿತ್ತು. ಆದರೆ ‘ಇನ್ನಷ್ಟು ದಿನ ಇರಿ’ ಎಂದು ಕೇಳಿ ಇಲ್ಲ ಎನಿಸಿಕೊಳ್ಳುವ ಜಾತಿ ನನ್ನದಲ್ಲ.

ಹೂ ಬಿಟ್ಟು ಮುಗಿದಿದ್ದ ಗಿಡದ ಬುಡದಲ್ಲಿ ಆಗ ಎರಡು ಮರಿಗಳು ಎದ್ದಿದ್ದವು. ಅತ್ತೆಯದು ಬಾಳೆಯ ಬುಡದಿಂದ ಕಂದು ಕಿತ್ತು ಬೇರೆ ಕಡೆ ನೆಟ್ಟು ಪಳಗಿದ ಕೈ. ನಾನು ನಿದ್ದೆಯಲ್ಲಿದ್ದಾಗ ಒಂದು ಮರಿಯನ್ನು ಕೊಯ್ದು, ಹಾಲಿನಪುಡಿಯ ಡಬ್ಬಕ್ಕೆ ಮಣ್ಣು ತುಂಬಿ ನೆಟ್ಟು, ದಿನಾ ನೀರು ಹೊಯ್ದರು. ವಾರದೊಳಗೆ ಅದು ಕೊಳೆತು ಕೈಗೆ ಬಂತು.

ನನಗೆ ಸಿಟ್ಟು ನೆತ್ತಿಗೇರಿತು. “ಮಣ್ಣೇ ಬೇಡದ ಗಿಡ ಅತ್ತೆ ಅದು. ಮರಿ ಸ್ವಲ್ಪ ದೊಡ್ಡದಾಗುವ ತನಕ ತಾಯಿಯ ಮೈಯಿಂದಲೇ ಉಣ್ತದೆ. ಈಗಲೇ ಕೊಯ್ದರೆ ಅದು ಎಂತ ಮಾಡ್ತದೆ?”

“ಬಾಳೆಯ ಹಾಗೆ ಅಲ್ಲ ಅಂತ ನನಗೆ ಹೇಗೆ ಗೊತ್ತು ಮಾರಾಯ್ತಿ,” ಎಂದವರು ಉಳಿದ ಮರಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಇದು ಇನ್ನೂ ಎಷ್ಟು ದಿನ ತಾಯಿ ಹತ್ತಿರ ಇರ್ಬೇಕು?”

“ಕೆಲವು ತಿಂಗಳಾದರೂ ಬೇಕು.”

ಅತ್ತೆ ಮಗುವಿಗೆ ಎಣ್ಣೆ ಹಚ್ಚುತ್ತಾ ಕೂತರು.

ಸಂಜೆ ಇವರು ಬಂದು ಶೂ ಬಿಚ್ಚುತ್ತಿದ್ದಾಗ ಅತ್ತೆ ಅಡುಗೆಮನೆಯಿಂದಲೇ ಕೇಳಿದರು: “ಮಗಾ, ನನ್ನ ವೀಸಾ ಮುಂದೆ ಹಾಕ್ಲಿಕ್ಕೆ ಆಗ್ತದಾ? ನಿನಗೆ ಕೆಲಸ, ವೀಸಾ ಕೊಟ್ಟ ಆ ಕಫೀಲನನ್ನು ಕೇಳಿ ನೋಡು.”

“ಊರಿಗೆ ಹೋಗ್ಬೇಕು ಅಂತ ಹಟ ಹಿಡಿದದ್ದು ನೀನೇ ಅಲ್ವಾ ಅಮ್ಮ?”

“ಊರು ಎಲ್ಲಿಗೂ ಓಡಿ ಹೋಗುದಿಲ್ಲ. ಈ ಬಾಣಂತಿಯನ್ನು ಈಗಲೇ ಬಿಟ್ಟು ಹೋಗ್ಲಿಕ್ಕೆ ನನಗೆ ಮನಸ್ಸಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ, ಯಾರಿಗೂ ಕೇಳಿಸದ ಹಾಗೆ ನಲ್ಲಿ ಬಿಟ್ಟೆ.