ಪೆಟ್ರೋಲ್ ಟಾಕಿಯ ಮುಚ್ಚಳ

ಮಗ್ಗದ ಸದ್ದಿನಲ್ಲಿ ಬೆಳೆದವನಿಗೆ ತನ್ನ ಕಿವಿಯ ಮೇಲೆ ಸೊಕ್ಕು ಜಾಸ್ತಿ. ಎಂಟು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದರೂ ಯಾವುದು ತಪ್ಪು ಬಡಿಯುತ್ತಿದೆ ಎಂದು ಬಾಗಿಲಲ್ಲೇ ನಿಂತು ಹೇಳಬಲ್ಲೆ ಎಂದು ನಾನು ಕೊಚ್ಚಿಕೊಳ್ಳದ ಚಹಾದಂಗಡಿ ಬನಹಟ್ಟಿಯಲ್ಲಿಲ್ಲ. ಆ ಸೊಕ್ಕಿನಿಂದಲೇ ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಜೀವಗಳನ್ನು ಕಳೆಯುವುದರಲ್ಲಿದ್ದೆ.

ನಮ್ಮದು ಇಪ್ಪತ್ತು ವರ್ಷದ ಹಳೆಯ ಮೋಟಾರ್ ಸೈಕಲ್ಲು. ರಾತ್ರಿ ಅದು ನಿಲ್ಲುವುದು ಮಗ್ಗಗಳ ನಡುವೆ, ನೂಲಿನ ಧೂಳಿನಲ್ಲಿ. ನೇಕಾರರ ಮನೆಯಲ್ಲಿ ಆ ಧೂಳಿಗೆ ಹೆದರಿ ನೀರಿನ ಕೊಡ, ಟೀವಿ, ಗೋಡೆಯ ಗಡಿಯಾರ ಎಲ್ಲಕ್ಕೂ ಬಟ್ಟೆ ಹೊದಿಸುತ್ತೇವೆ. ಬಾಯಿ ತೆರೆದ ವಸ್ತು ಕಂಡರೆ ನಮಗೆ ಸಮಾಧಾನವಿಲ್ಲ. ಗಾಡಿಯ ಆರೈಕೆ ನನ್ನದು. ಓಡಿಸುವವನು ತಮ್ಮ. ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ಮುಧೋಳ ದಾಟಿ ಲೋಕಾಪುರದ ಅಂಗಡಿಗಳಿಗೆ ಹೋಗಿಬರುತ್ತಾನೆ. ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಹೇಳಿದ:

"ಅಣ್ಣಾ, ಗಾಡಿ ಸರಿ ಇಲ್ಲ. ನಾ ರೇಸ್ ಒಂದ ಸವನ ಹಿಡದಿರತೇನಿ. ಅದು ತಾನ ಏರತೈತಿ, ತಾನ ಇಳೀತೈತಿ."

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ," ಎಂದೆ. "ಕೈ ನೆಟ್ಟಗ ಹಿಡಿಯೋದ ಕಲಿ ಲೇ."

ಅಂಗಳದಲ್ಲಿ ಗಾಡಿ ಚಾಲೂ ಮಾಡಿ ಕಿವಿಗೊಟ್ಟೆ. ಸದ್ದು ನೇರವಾಗಿತ್ತು. ಆದರೂ ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಸರ್ಕಲ್ಲಿನ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದು, "ಬಂಗಾರದಂಥಾ ಗಾಡಿ ಐತ್ರಿ," ಅಂದ. ಅಲ್ಲಿಗೆ ತಪ್ಪೆಲ್ಲ ತಮ್ಮನ ಕೈಯದೇ ಎಂದು ತೀರ್ಮಾನಿಸಿಬಿಟ್ಟೆ.

ಅವನು ಮಾತ್ರ ದಿನಾ ಏನಾದರೊಂದು ಹೇಳುತ್ತಲೇ ಇದ್ದ. ಹತ್ತು ಹನ್ನೆರಡು ಕಿಲೋಮೀಟರ್ ಆದ ಮೇಲೇ ಹಾಗಾಗುತ್ತದಂತೆ. ಟಾಕಿ ತುಂಬಿಸಿದ ದಿನ ಇನ್ನೂ ಬೇಗ ಶುರುವಾಗುತ್ತದಂತೆ. ನಿಲ್ಲಿಸಿ, ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿ ಹಾಕಿದರೆ ಮತ್ತೆ ಸರಿಯಾಗುತ್ತದಂತೆ. "ದೆವ್ವ ಹೊಕ್ಕೈತೇನ್ಲೇ?" ಎಂದು ನಕ್ಕೆ. ರೋಗದ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಹೇಳಿಯಾಗಿತ್ತು.

ಅಷ್ಟರಲ್ಲಿ ಕಬ್ಬಿನ ಸೀಜನ್ ಶುರುವಾಯಿತು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಎರಡೂ ಕಡೆ ಹೊರಚಾಚಿದ ಕಬ್ಬು. ಒಂದು ಸಂಜೆ ತಮ್ಮ ಕಬ್ಬಿಗೆ ಸಿಕ್ಕು ಅಂಗಿಯ ತೋಳು ಹರಿದುಕೊಂಡು ಬಂದ. "ದಾಟೂ ಮುಂದ ರೇಸ್ ಬಿದ್ದು ಹೋತಣ್ಣಾ," ಅಂದ. ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿಯ ಕೈ ನಿಂತುಹೋಯಿತು. ಅವಳಿಗೆ ಏಳು ತಿಂಗಳು. ಬರುವ ಸೋಮವಾರ ಇದೇ ಗಾಡಿಯಲ್ಲಿ ಜಮಖಂಡಿಗೆ ಡಾಕ್ಟರ ಹತ್ತಿರ ಹೋಗುವುದಿತ್ತು.

"ಭಾವಾರ, ಬಸ್ಸಿಗೆ ಹೋಗಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಗಾಡಿಯ ಮೇಲೆ ನನ್ನ ಮನೆಯಲ್ಲೇ ಅನುಮಾನ! ಭಾನುವಾರ ಬೆಳಿಗ್ಗೆ ಟಾಕಿ ಗಂಟಲಮಟ್ಟ ತುಂಬಿಸಿ, ತಮ್ಮನನ್ನು ಹಿಂದೆ ಕೂರಿಸಿಕೊಂಡು ಮುಧೋಳದ ದಾರಿ ಹಿಡಿದೆ.

ಎಂಟು ಕಿಲೋಮೀಟರ್ ಚೆನ್ನಾಗಿ ಓಡಿತು. "ನೋಡಿದಿ?" ಎಂದೆ. ಆ ಮಾತು ಮುಗಿಯುವಷ್ಟರಲ್ಲಿ ಎಂಜಿನ್ ತನ್ನಷ್ಟಕ್ಕೇ ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು. ಜ್ವರ ಬಂದವರ ಉಸಿರಾಟದ ಹಾಗೆ. ನನ್ನ ಕೈ ಅಲ್ಲಾಡಿರಲಿಲ್ಲ. ಆಗಲೇ ನಿಲ್ಲಿಸಬೇಕಿತ್ತು. ಆದರೆ ಹಿಂದೆ ತಮ್ಮ ಕುಳಿತಿದ್ದ. ಸೋಲೊಪ್ಪಲು ಮನಸ್ಸಾಗದೆ ಮುಂದಿದ್ದ ಕಬ್ಬಿನ ಟ್ರ್ಯಾಕ್ಟರನ್ನು ದಾಟಲು ಹೊರಟೆ.

ಹಿಂದಿನ ಟ್ರೇಲರ್ ದಾಟಿ ಮುಂದಿನದರ ಪಕ್ಕಕ್ಕೆ ಬಂದಾಗ ರೇಸ್ ಪೂರ್ತಿ ಬಿದ್ದುಹೋಯಿತು. ಎಷ್ಟು ತಿರುವಿದರೂ ಗಾಡಿ ಕೇಳಲಿಲ್ಲ. ಎದುರಿಗೆ ಬಸ್ಸು. ಕಬ್ಬಿನ ಗರಿಗಳು ಮುಖ ಗೀರುತ್ತಿದ್ದವು. ಮೊಣಕಾಲಿನ ಪಕ್ಕದಲ್ಲೇ ಟ್ರೇಲರಿನ ಗಾಲಿ ಉರುಳುತ್ತಿತ್ತು. ತಮ್ಮ ಚೀರಲಿಲ್ಲ, ನನ್ನ ಹೆಗಲನ್ನು ಬಿಗಿಯಾಗಿ ಹಿಡಿದ. ಅವನು ಇದನ್ನು ಆರು ವಾರ ಒಬ್ಬನೇ ಅನುಭವಿಸಿದ್ದ ಎಂದು ಆಗ ಹೊಳೆಯಿತು. ಬ್ರೇಕ್ ಒತ್ತಿದೆ. ಎರಡೂ ಟ್ರೇಲರ್ ನಮ್ಮನ್ನು ದಾಟಿ ಮುಂದೆ ಹೋದವು; ನಾವು ಅವುಗಳ ಬೆನ್ನಿಗೆ ನುಸುಳುವುದಕ್ಕೂ ಬಸ್ಸು ಹಾರ್ನ್ ಬಾರಿಸುತ್ತ ಹಾಯುವುದಕ್ಕೂ ಸರಿಹೋಯಿತು.

ರಸ್ತೆಯ ಅಂಚಿನಲ್ಲಿ ನಿಂತೆವು. ತಮ್ಮ ರೂಢಿಯಂತೆ ಇಳಿದು ಟಾಕಿಯ ಮುಚ್ಚಳ ತೆಗೆದ. ಸುಯ್ಯೆಂದು ಟಾಕಿ ಗಾಳಿ ಎಳೆದುಕೊಂಡಿತು.

ಆ ಸದ್ದು ಕೇಳಿದ್ದೇ ನನಗೆ ರೋಗ ತಿಳಿಯಿತು. ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ದೀಪಾವಳಿಗೆ ಗಾಡಿ ತೊಳೆದಾಗ, ಧೂಳು ಒಳಗೆ ಹೋಗದಿರಲಿ ಎಂದು ನಾನೇ ಸೈಕಲ್ ಟ್ಯೂಬಿನ ಬಿಲ್ಲೆ ಕತ್ತರಿಸಿ, ಅದಕ್ಕೆ ಸೀರೆಯ ಬಟ್ಟೆ ಹೊಲಿಸಿ, ಮುಚ್ಚಳದ ಒಳಗೆ ಒತ್ತಿ ಕೂರಿಸಿದ್ದೆ. ಗಾಳಿಯ ದಾರಿ ಮುಚ್ಚಿ, ಪೆಟ್ರೋಲ್ ಇಳಿಯದೆ ಗಾಡಿ ಏದುಸಿರು ಬಿಡುತ್ತಿತ್ತು. ಬಿಲ್ಲೆ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಮನೆಯವರೆಗೆ ತಮ್ಮನೇ ಓಡಿಸಿದ. ಗಾಡಿ ಒಂದು ಸಲವೂ ತಪ್ಪಲಿಲ್ಲ.

ಬಾಗಿಲಲ್ಲಿ ಅವನ ಹೆಂಡತಿ ಕಾಯುತ್ತಿದ್ದಳು. ನಾನು ಮುಷ್ಟಿ ಬಿಚ್ಚಿ ತೋರಿಸಿದೆ. ಬಿಲ್ಲೆಯ ಸುತ್ತಲಿನ ಹಸಿರು ದಾರದ ಹೊಲಿಗೆ ನೋಡಿದವಳೇ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಇದು ನಾ ಹೊಲದದ್ದಲ್ಲೇನ್ರಿ, ಭಾವಾರ?"

"ಹೊಲಿ ಅಂದಾಂವ ನಾನವ್ವಾ. ಆರು ವಾರ ಇವನ್ನ ಬೈದಾಂವನೂ ನಾನ. ನಂದ ತಪ್ಪಾತು."

ಅವಳು ಗಂಡನ ಅಂಗಿಯ ತೋಳನ್ನೇ ನೋಡುತ್ತ ನಿಂತಳು. ಕಬ್ಬು ಹರಿದಿದ್ದನ್ನು ಅವಳು ಅದೇ ಹಸಿರು ದಾರದಿಂದ ಹೊಲಿದಿದ್ದಳು.